ಶಿಖರಕ್ಕೆ ಹೆಸರಾದ ಭೂಮಾಪಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಬಂಧುಗಳು ಗಡಹಿಂಗ್ಲಜದ ನನ್ನ ಮನೆಗೆ ಬಂದು ಕೇಳಿದರು. ಶಾಲೆಯ ಇತಿಹಾಸವನ್ನೋ ನನ್ನ ಸೇವಾವಧಿಯ ನೆನಪುಗಳನ್ನೋ ಬರೆಯುವೆನೆಂದು ಅವರ ನಿರೀಕ್ಷೆಯಾಗಿತ್ತು. ಅವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಬೇರೆ ಇದ್ದಾರೆ. ನಾನು ಮಾತ್ರ ಈ ಸಂದರ್ಭದಲ್ಲಿ ಒಂದು ಹಳೆಯ ಬಾಕಿಯನ್ನು ತೀರಿಸಬೇಕೆಂದಿದ್ದೇನೆ.

ಒಮ್ಮೆ ಏಳನೆಯ ಇಯತ್ತೆಯಲ್ಲಿ ಭೂಗೋಲದ ಪಾಠ ನಡೆದಿತ್ತು. ಗೋಡೆಯ ನಕಾಶೆಯಲ್ಲಿ ಹಿಮಾಲಯದ ಶಿಖರಗಳನ್ನು ಕೋಲಿನಿಂದ ತೋರಿಸುತ್ತ, 29 ಮೇ 1953ರಂದು ತೇನಸಿಂಗ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಜಗತ್ತಿನ ಅತ್ಯುನ್ನತ ಶಿಖರವನ್ನು ಮೊದಲು ಏರಿದರೆಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಮೊದಲು ಏರಿದವರು ಇವರಾದರೆ ಪರ್ವತಕ್ಕೆ ಎವರೆಸ್ಟ್ ಎಂಬ ಹೆಸರು ಏಕೆ, ಆ ಎವರೆಸ್ಟ್ ಯಾರು, ಅವರು ಏರಿರಲಿಲ್ಲವೇ ಎಂದು ಕೇಳಿದ. ಆ ಶಿಖರವನ್ನು ಮೊದಲು ಕಂಡುಹಿಡಿದ ಆಂಗ್ಲ ಅಧಿಕಾರಿಯೇ ಎವರೆಸ್ಟ್ ಎಂದು ನಾನು ಒಂದೇ ಮಾತಿನಲ್ಲಿ ಹೇಳಿ ಮುಂದಿನ ಪಾಠಕ್ಕೆ ಹೋದೆ. ಅದೇ ಉತ್ತರವನ್ನು ಮುಂದಿನ ಅನೇಕ ವರ್ಷಗಳ ಮಕ್ಕಳಿಗೂ ಹೇಳಿದೆ. ನಿವೃತ್ತಿಯ ನಂತರ ಕೊಲ್ಲಾಪುರದ ಒಂದು ವಾಚನಾಲಯದಲ್ಲಿ ಭಾರತದ ಭೂಮಾಪನದ ಇತಿಹಾಸವನ್ನು, ಪಕ್ಕದಲ್ಲಿ ಶಬ್ದಕೋಶವನ್ನಿಟ್ಟುಕೊಂಡು, ನಿಧಾನವಾಗಿ ಓದಿದಾಗ ನನ್ನ ಉತ್ತರ ಪೂರ್ಣ ತಪ್ಪೆಂದು ತಿಳಿಯಿತು. ಜಾರ್ಜ್ ಎವರೆಸ್ಟ್ ಆ ಶಿಖರವನ್ನು ಕಂಡುಹಿಡಿದವರಲ್ಲ. ಅವರು ಅದನ್ನು ಕಣ್ಣಾರೆ ಕಂಡಿದ್ದರೆಂಬುದಕ್ಕೂ ಆಧಾರವಿಲ್ಲ. ಅಷ್ಟೇ ಅಲ್ಲ, ಅವರ ಮನೆತನದವರು ತಮ್ಮ ಹೆಸರನ್ನು ಉಚ್ಚರಿಸುತ್ತಿದ್ದುದು ಈವ್‌ರೆಸ್ಟ್ ಎಂದು. ನಾವು ಉತ್ತರವನ್ನೂ ತಪ್ಪು ಹೇಳಿದೆವು, ಹೆಸರನ್ನೂ ತಪ್ಪು ಹೇಳಿದೆವು.

ಎವರೆಸ್ಟರ ಜೀವನವನ್ನು ಹೇಳುವುದಕ್ಕೆ ಮೊದಲು ಅವರ ಪೂರ್ವಾಧಿಕಾರಿ ವಿಲಿಯಂ ಲ್ಯಾಂಬ್ಟನ್ನರನ್ನು ಸ್ಮರಿಸಬೇಕು. ಏಕೆಂದರೆ ಹಿಮಾಲಯವನ್ನು ಅಳೆದ ಕಾರ್ಯ ಆರಂಭವಾದದ್ದು ಹಿಮಾಲಯದ ಬುಡದಲ್ಲಿ ಅಲ್ಲ, ಕನ್ನಡ ನಾಡಿನ ಬಯಲಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಯುದ್ಧದಲ್ಲಿ ಲ್ಯಾಂಬ್ಟನ್ ಕಂಪನಿ ಸರಕಾರದ ಪಕ್ಷದ ಸೈನ್ಯಾಧಿಕಾರಿಯಾಗಿದ್ದರು. ಗೆದ್ದ ನಾಡನ್ನು ಅಳೆಯಬೇಕು, ಅದರೊಡನೆ ಭೂಗೋಳದ ನಿಜವಾದ ಆಕಾರವನ್ನೂ ತಿಳಿಯಬೇಕೆಂದು ಅವರು ಒಂದು ಯೋಜನೆಯನ್ನು ಮುಂದಿಟ್ಟರು. 1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿನ ಒಂದು ಸರಳರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದರು. ಆ ಸರಪಳಿಯ ಕಥೆಯೂ ಸ್ವಾರಸ್ಯಕರವಾಗಿದೆ. ಅದು ಚೀನದ ಚಕ್ರವರ್ತಿಗೆ ಕಾಣಿಕೆಯೆಂದು ಇಂಗ್ಲೆಂಡಿನಿಂದ ಹೋಗಿ, ಅಲ್ಲಿ ಯಾರಿಗೂ ಬೇಡವಾಗಿ, ಭಾರತಕ್ಕೆ ಬಂದು ಮಾರಾಟವಾದ ವಸ್ತು.

ಒಂದೇ ಒಂದು ಗೆರೆಯನ್ನು ಅಳೆದು ಇಡೀ ದೇಶವನ್ನು ಅಳೆಯುವುದು ಹೇಗೆಂದು ಓದುಗರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹಿರಣ್ಯಕೇಶಿಯ ದಂಡೆಯಲ್ಲಿ ಮಾಡಿದ ಲೆಕ್ಕ ನೆನಪಿರಬೇಕು. ಆಚೆಯ ದಡದ ಒಂದು ಮರವನ್ನು ಗುರುತಾಗಿ ಇಟ್ಟುಕೊಂಡು, ಈಚೆಯ ದಡದಲ್ಲಿ ಎರಡು ಗೂಟಗಳನ್ನು ನೆಟ್ಟು, ಅವುಗಳ ನಡುವಿನ ಅಂತರವನ್ನು ಪಟ್ಟಿಯಿಂದ ಅಳೆದು, ಎರಡೂ ಗೂಟಗಳಿಂದ ಮರವು ಎಷ್ಟು ಕೋನದಲ್ಲಿ ಕಾಣುತ್ತದೆಂದು ನೋಡುತ್ತಿದ್ದೆವು. ಒಂದು ಬಾಹು ಮತ್ತು ಎರಡು ಕೋನಗಳು ತಿಳಿದರೆ ತ್ರಿಭುಜದ ಉಳಿದ ಎರಡು ಬಾಹುಗಳು ತಾವಾಗಿಯೇ ತಿಳಿಯುತ್ತವೆ. ಕಾಲು ತೋಯಿಸಿಕೊಳ್ಳದೆ ನದಿಯ ಅಗಲ ಸಿಕ್ಕುತ್ತಿತ್ತು. ಹೀಗೆ ಸಿಕ್ಕ ಬಾಹುವನ್ನೇ ಮುಂದಿನ ತ್ರಿಭುಜಕ್ಕೆ ಆಧಾರವಾಗಿ ಹಿಡಿದರೆ, ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜಗಳ ಮಾಲೆಯನ್ನು ಎಷ್ಟು ದೂರಕ್ಕಾದರೂ ಹೆಣೆಯುತ್ತ ಹೋಗಬಹುದು. ಲ್ಯಾಂಬ್ಟನ್ ಮಾಡಿದ್ದು ಇದನ್ನೇ. ನಮ್ಮ ಕಡೆ ಹೊಲದ ಮೋಜಣಿ ಮಾಡುವವರಿಗೆ ಒಂದು ಗೇಣು ಹೆಚ್ಚುಕಡಿಮೆಯಾದರೆ ಎರಡು ಮನೆತನಗಳಿಗೆ ವ್ಯಾಜ್ಯ ಹುಟ್ಟುತ್ತದೆ. ಇವರಿಗೋ, ಆರಂಭದ ಗೇಣಿನ ತಪ್ಪು ನೂರಾರು ಮೈಲು ದಾಟುವಷ್ಟರಲ್ಲಿ ಬೆಳೆದು ಫರ್ಲಾಂಗುಗಟ್ಟಲೆಯಾಗುವ ಭಯ.

1802ರಲ್ಲಿ ಮದರಾಸಿನಿಂದ ಮತ್ತೊಂದು ಆಧಾರರೇಖೆಯನ್ನು ಹಿಡಿದು ಹೊರಟ ಲ್ಯಾಂಬ್ಟನ್, ತ್ರಿಭುಜಗಳನ್ನು ಪಶ್ಚಿಮ ಕರಾವಳಿಯವರೆಗೆ ಒಯ್ದಾಗ, ಹಳೆಯ ನಕಾಶೆಗಳಲ್ಲಿ ದ್ವೀಪಕಲ್ಪದ ಅಗಲವನ್ನು ಸುಮಾರು 40 ಮೈಲು ಹೆಚ್ಚಾಗಿ ತೋರಿಸಿದ್ದು ಬಯಲಾಯಿತು. ಅನಂತರ ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ, ಬೆಂಗಳೂರು, ಗುತ್ತಿ, ಬೀದರ ಪ್ರಾಂತಗಳ ಮೂಲಕ ಒಂದು ಉದ್ದನೆಯ ಮಾಲೆ ಏರುತ್ತ ಹೋಯಿತು. ಕೋನಗಳನ್ನು ಅಳೆಯುವ ಥಿಯೊಡೊಲೈಟ್ ಯಂತ್ರವು ಸುಮಾರು ಅರ್ಧ ಟನ್ ತೂಕದ್ದು. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಹರಿದು ಯಂತ್ರವು ಗೋಡೆಗೆ ಅಪ್ಪಳಿಸಿತು. ಲ್ಯಾಂಬ್ಟನ್ ಡೇರೆಯಲ್ಲಿ ಕುಳಿತು ಸುಮಾರು ಆರು ವಾರ ಆ ಬಾಗಿದ ಹಿತ್ತಾಳೆಯ ಚಕ್ರವನ್ನು ಸ್ವತಃ ಸರಿಪಡಿಸಿದರು. ಅಂಥ ತಾಳ್ಮೆಯ ಮನುಷ್ಯರು.

ಈ ಗುರುವಿಗೆ ಸಿಕ್ಕ ಶಿಷ್ಯರು ತಾಳ್ಮೆಯ ವಿಷಯದಲ್ಲಿ ಪೂರ್ಣ ವಿರುದ್ಧ. ಜಾರ್ಜ್ ಎವರೆಸ್ಟ್ 4 ಜುಲೈ 1790ರಂದು ವಕೀಲರೊಬ್ಬರ ಮಗನಾಗಿ ಜನಿಸಿ, ಸೈನಿಕ ಶಿಕ್ಷಣವನ್ನು ಪಡೆದು, 1806ರಲ್ಲಿ, ಇನ್ನೂ 16ರ ವಯಸ್ಸಿನಲ್ಲಿ, ಬಂಗಾಲದ ತೋಪಖಾನೆಗೆ ಸೇರಿದರು. ಕೆಲಕಾಲ ಜಾವಾ ದ್ವೀಪದಲ್ಲಿ ಮೋಜಣಿಯ ಕೆಲಸ ಮಾಡಿ ಬಂದರು. 1818ರಲ್ಲಿ ಅವರನ್ನು ಲ್ಯಾಂಬ್ಟನ್ನರ ಮುಖ್ಯ ಸಹಾಯಕರನ್ನಾಗಿ ನೇಮಿಸಲಾಯಿತು. ಆಗ ಲ್ಯಾಂಬ್ಟನ್ನರ ಠಾಣೆ ಹೈದರಾಬಾದಿನಲ್ಲಿತ್ತು. ಮರುವರ್ಷವೇ ಕೃಷ್ಣೆ ಗೋದಾವರಿಗಳ ನಡುವಿನ ದಟ್ಟ ಅಡವಿಯಲ್ಲಿ ಮಳೆಗಾಲದಲ್ಲಿ ಕೆಲಸ ಮಾಡಿದ ಎವರೆಸ್ಟರ ತಂಡವನ್ನು ವಿಷಮಜ್ವರ ಹಿಡಿಯಿತು. ಎವರೆಸ್ಟರು ಡೋಲಿಯಲ್ಲಿ ಹೈದರಾಬಾದಿಗೆ ಮರಳಿದರು. ಸಂಗಡಿದ್ದ ಖಲಾಶಿಗಳು, ಹಮಾಲರು, ಧ್ವಜ ಹಿಡಿಯುವವರು ಅನೇಕರು ಮರಳಲಿಲ್ಲ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲವೆಂಬುದು ಈ ಇತಿಹಾಸವನ್ನು ಓದುವಾಗ ಮತ್ತೆ ಮತ್ತೆ ಚುಚ್ಚುತ್ತದೆ.

ಆರೋಗ್ಯ ಸುಧಾರಣೆಗೆಂದು ದಕ್ಷಿಣ ಆಫ್ರಿಕದ ಕೇಪಿಗೆ ಹೋದ ಎವರೆಸ್ಟರು ಅಲ್ಲಿಯೂ ಸುಮ್ಮನೆ ಕೂಡದೆ, ಹಿಂದೆ ಫ್ರೆಂಚ್ ವಿದ್ವಾಂಸರೊಬ್ಬರು ಮಾಡಿದ್ದ ಅಳತೆಗಳ ತಪ್ಪನ್ನು ಶೋಧಿಸಿದರು. ಮರಳಿ ಬಂದ ಮೇಲೆ 1822ರಲ್ಲಿ ಅವರಿಗೆ ಒಪ್ಪಿಸಿದ ಕೆಲಸವು ನಮ್ಮ ಭಾಗದವರಿಗೆ ಆಸಕ್ತಿ ಹುಟ್ಟಿಸುವಂಥದು. ಬೀದರ ಪ್ರಾಂತದ ದಾಮರಗಿಡ್ಡೆಯಿಂದ ಪಶ್ಚಿಮಕ್ಕೆ, ಮುಂಬಯಿಯ ದಿಕ್ಕಿನಲ್ಲಿ, ತ್ರಿಭುಜಗಳ ಒಂದು ಅಡ್ಡ ಮಾಲೆಯನ್ನು ಅವರು ಆರಂಭಿಸಿದರು. ಕನ್ನಡ ಮರಾಠಿಗಳೆರಡೂ ಕೂಡಿ ಬಾಳುವ ನೆಲದ ಮೇಲೆ ಎವರೆಸ್ಟರ ಯಂತ್ರ ನಿಂತದ್ದು ಆಗ. ಆ ಕೆಲಸದ ನಡುವೆಯೇ ಸುದ್ದಿ ಬಂತು. ಉತ್ತರಕ್ಕೆ ಹೊರಟಿದ್ದ ಲ್ಯಾಂಬ್ಟನ್ 20 ಜನೆವರಿ 1823ರಂದು ಇಂದಿನ ವರ್ಧಾ ಜಿಲ್ಲೆಯ ಹಿಂಗಣಘಾಟದಲ್ಲಿ ತೀರಿಕೊಂಡಿದ್ದರು. ಅವರಿಗೆ ಆಗ ಸುಮಾರು 70 ವರ್ಷ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಡೇರೆಯಲ್ಲಿಯೇ ಜೀವಿಸಿದ ಅವರ ಸಮಾಧಿ ನಮ್ಮ ಮಹಾರಾಷ್ಟ್ರದಲ್ಲಿಯೇ ಇದೆ. ಯಾವ ಶಿಖರಕ್ಕೂ ಅವರ ಹೆಸರು ಬರಲಿಲ್ಲ.

ಮಹಾಮೋಜಣಿಯ ಭಾರ ಹೀಗೆ 32 ವರ್ಷದ ಎವರೆಸ್ಟರ ಮೇಲೆ ಬಿತ್ತು. ಜ್ವರದ ಪರಿಣಾಮದಿಂದ ಅವರ ಕೈಕಾಲುಗಳು ಸ್ವಾಧೀನ ತಪ್ಪಿದ್ದವು. ಯಂತ್ರದ ಮುಂದಿನ ಆಸನದಲ್ಲಿ ಅವರನ್ನು ಆಳುಗಳು ಎತ್ತಿ ಕೂಡಿಸಬೇಕಾಗುತ್ತಿತ್ತು. ಹಾಗಿದ್ದೂ ಮಾಲೆಯನ್ನು ಮಧ್ಯಭಾರತದ ಸಿರೋಂಜದವರೆಗೆ ಒಯ್ದು, ಅಲ್ಲಿ ಆಧಾರರೇಖೆಯನ್ನು ಅಳೆದು, 1825ರಲ್ಲಿ ಚಿಕಿತ್ಸೆಗಾಗಿ ಇಂಗ್ಲೆಂಡಿಗೆ ತೆರಳಿದರು. 1830ರಲ್ಲಿ ಮರಳಿದಾಗ ಅವರು ಮಹಾಮೋಜಣಿಯ ಮುಖ್ಯಸ್ಥರಷ್ಟೇ ಅಲ್ಲ, ಇಡೀ ಭಾರತದ ಸರ್ವೇಯರ್ ಜನರಲ್ ಸಹ ಆಗಿದ್ದರು. ಅದೇ ವರ್ಷ ಅವರು ಪ್ರಕಟಿಸಿದ ಭೂಗೋಳದ ಅಳತೆಯನ್ನು ಆಧರಿಸಿಯೇ ಭಾರತದ ನಕಾಶೆಗಳು ಇಪ್ಪತ್ತನೆಯ ಶತಮಾನದುದ್ದಕ್ಕೂ ರಚಿತವಾದವು.

ಮುಂದಿನ ಹನ್ನೆರಡು ಹದಿಮೂರು ವರ್ಷಗಳೇ ಎವರೆಸ್ಟರ ಜೀವನದ ಸಾರ. ದಕ್ಷಿಣದಲ್ಲಿ ಬೆಟ್ಟಗಳಿದ್ದವು, ಶಿಖರದಿಂದ ಶಿಖರಕ್ಕೆ ದೃಷ್ಟಿ ಹರಿಯುತ್ತಿತ್ತು. ಗಂಗೆ ಯಮುನೆಗಳ ಬಯಲಿನಲ್ಲಿ ಕಣ್ಣೆತ್ತಿದರೆ ಮಾವಿನ ತೋಪು, ಧೂಳು, ಹೊಗೆ. ಆದ್ದರಿಂದ ಅವರು ಸುಮಾರು 50 ಅಡಿ ಎತ್ತರದ ಕಟ್ಟಡದ ಗೋಪುರಗಳನ್ನು ಕಟ್ಟಿಸಿದರು. ಹಗಲಿನಲ್ಲಿ ಬಿಸಿಗಾಳಿಯು ದೂರದ ಗುರುತುಗಳನ್ನು ಕುಣಿಸುತ್ತದೆಂದು ತಿಳಿದು, ರಾತ್ರಿಯ ಹೊತ್ತು ದೀಪಗಳನ್ನು ಉರಿಸಿ ಕೋನಗಳನ್ನು ಅಳೆಯುವ ಪದ್ಧತಿಯನ್ನು ತಂದರು. ದೃಷ್ಟಿಗೆ ಅಡ್ಡ ಬಂದ ಮರಗಳು ಉರುಳಿದವು, ಮನೆಗಳೂ ಬಿದ್ದವು. ಎತ್ತರದ ಗೋಪುರಗಳಿಂದ ದುರ್ಬೀನು ಹಿಡಿದು ನೋಡುವವರು ತಮ್ಮ ಮನೆಯ ಹೆಣ್ಣುಮಕ್ಕಳನ್ನು ನೋಡುತ್ತಾರೆಂದು ಜನರು ಸಂಶಯಪಟ್ಟರು. ಜನರ ಸಿಟ್ಟು ಅಕಾರಣವಾದದ್ದೆಂದು ನನಗೆ ಅನಿಸುವುದಿಲ್ಲ.

ಎವರೆಸ್ಟರ ಸಿಟ್ಟಂತೂ ಪ್ರಸಿದ್ಧವಾಗಿತ್ತು. ಸಹಾಯಕರ ಚಿಕ್ಕ ತಪ್ಪಿಗೂ ಹರಿಹಾಯುತ್ತಿದ್ದರು. ತಮ್ಮನ್ನು ಕಂಪಾಸ್‌ವಾಲಾ ಎಂದು ಕರೆದದ್ದಕ್ಕೆ ಸರಕಾರಕ್ಕೆ ಲಿಖಿತ ದೂರು ಕೊಟ್ಟವರು ಅವರು. ನಮ್ಮ ಘಟ್ಟದ ಕೆಳಗಿನ ಕೊಂಕಣವನ್ನು ಅಳೆದ ಥಾಮಸ್ ಜರ್ವಿಸ್ ಎಂಬ ಅಧಿಕಾರಿಯನ್ನು ತಮ್ಮ ಸ್ಥಾನಕ್ಕೆ ಮುಂದಿನವರೆಂದು ಕಂಪನಿಯವರು ಗೊತ್ತುಮಾಡಿದಾಗ, ಅದನ್ನು ಖಂಡಿಸಿ ಪತ್ರಗಳ ಒಂದು ಪುಸ್ತಕವನ್ನೇ 1839ರಲ್ಲಿ ಅಚ್ಚುಹಾಕಿಸಿದರು. ಜರ್ವಿಸರಿಗೆ ಆ ಸ್ಥಾನ ಸಿಗಲಿಲ್ಲ.

ಆದರೆ ಗುಣವನ್ನು ಗುರುತಿಸುವ ಕಣ್ಣು ಈ ಸಿಡುಕಿನ ಮನುಷ್ಯರಿಗೆ ಇತ್ತು. ಆರ್ಕಾಟಿನ ಕಡೆಯ ಸಯ್ಯದ್ ಮೀರ್ ಮೊಹಸಿನ್ ಹುಸೇನ್ ಎಂಬ ಕುಶಲಕರ್ಮಿಯನ್ನು ಕರೆದುಕೊಂಡು, ಇಂಗ್ಲೆಂಡಿನಲ್ಲಿ ತಯಾರಾದ ಸೂಕ್ಷ್ಮ ಯಂತ್ರಗಳನ್ನು ಅವರಿಂದ ದುರಸ್ತಿ ಮಾಡಿಸಿದರು. 1831ರಲ್ಲಿ ಕಲಕತ್ತೆಯ ಹಿಂದೂ ಕಾಲೇಜಿನ ವಿದ್ಯಾರ್ಥಿ, 18 ವರ್ಷದ ರಾಧಾನಾಥ ಸಿಕ್ದಾರರನ್ನು ಗಣಕರನ್ನಾಗಿ ಸೇರಿಸಿಕೊಂಡರು. ಗಣಿತದಲ್ಲಿ ರಾಧಾನಾಥರಿಗೆ ಸರಿಯಾದವರು ಇಲ್ಲವೆಂದು ಮನಗಂಡು, ಬೇರೆ ಇಲಾಖೆಗೆ ಅವರನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಈ ರಾಧಾನಾಥರು ಬರಿ ಲೆಕ್ಕದ ಮನುಷ್ಯರೂ ಅಲ್ಲ. 1843ರಲ್ಲಿ ಡೆಹರಾಡೂನಿನಲ್ಲಿ ಆಂಗ್ಲ ಮ್ಯಾಜಿಸ್ಟ್ರೇಟರೊಬ್ಬರು ಮೋಜಣಿಯ ಆಳುಗಳನ್ನು ಬಿಟ್ಟಿಯಾಗಿ ದುಡಿಸಿಕೊಂಡಾಗ, ರಾಧಾನಾಥರು ಎದುರು ನಿಂತು ಪ್ರತಿಭಟಿಸಿ 200 ರೂಪಾಯಿ ದಂಡ ತೆತ್ತರು. ಹೆಸರಿಲ್ಲದ ಆ ಖಲಾಶಿಗಳ ಪರವಾಗಿ ಎತ್ತಿದ ಧ್ವನಿ ಅದು.

1834-35ರಲ್ಲಿ ಡೆಹರಾಡೂನಿನ ಕಣಿವೆಯಲ್ಲಿ ಹೊಸ ಆಧಾರರೇಖೆಯನ್ನು ಅಳೆದರು. 1841ರಲ್ಲಿ ಬೀದರ ಪ್ರಾಂತದ ರೇಖೆಯನ್ನು ಹೊಸ ಸಾಧನಗಳಿಂದ ಮತ್ತೊಮ್ಮೆ ಅಳೆಯಲಾಯಿತು. ನೂರಾರು ಮೈಲು ದೂರದಿಂದ ತ್ರಿಭುಜಗಳ ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ಕೆಲವೇ ಅಂಗುಲಗಳು! ಏಳೆಂಟು ಮೈಲಿನ ರೇಖೆಯಲ್ಲಿ ಕೆಲವು ಅಂಗುಲ. ಗಣಿತ ಕಲಿಸಿದ ನನ್ನಂಥವನಿಗೆ ಇದನ್ನು ಓದಿದಾಗ ಮೈ ನವಿರೆದ್ದಿತು. ಕನ್ಯಾಕುಮಾರಿಯಿಂದ ಹಿಮಾಲಯದ ಬುಡದವರೆಗೆ ಸುಮಾರು 2,400 ಕಿಲೋಮೀಟರಿನ ಮಾಲೆ ಪೂರ್ಣವಾಯಿತು. ಆದರೂ ಉತ್ತರ ತುದಿಯಲ್ಲಿ ನಕ್ಷತ್ರಗಳಿಂದ ತೆಗೆದ ಅಕ್ಷಾಂಶಕ್ಕೂ ತ್ರಿಭುಜಗಳಿಂದ ತೆಗೆದ ಅಕ್ಷಾಂಶಕ್ಕೂ ಐದು ವಿಕಲೆಗಳಷ್ಟು ಅಂತರ ಉಳಿಯಿತು. ಹಿಮಾಲಯದ ರಾಶಿಯು ಯಂತ್ರದ ಲಂಬಸೂತ್ರವನ್ನು ತನ್ನ ಕಡೆಗೆ ಎಳೆಯುತ್ತಿತ್ತು. ಪರ್ವತಗಳಿಗೆ ನೆಲದೊಳಗೂ ಬೇರುಗಳಿವೆಯೆಂಬ ಸಿದ್ಧಾಂತ 1855ರಲ್ಲಿ ಹುಟ್ಟಿದ್ದು ಈ ಐದು ವಿಕಲೆಗಳಿಂದ.

1843ರಲ್ಲಿ ಎವರೆಸ್ಟರು ನಿವೃತ್ತರಾಗಿ ಸ್ವದೇಶಕ್ಕೆ ತೆರಳಿದರು. ಮಸೂರಿಯ ಬಳಿ ಹಾಥಿಪಾವ್ ಎಂಬಲ್ಲಿ ಅವರು ಮನೆ ಮತ್ತು ಕಚೇರಿಯಾಗಿ ಮಾಡಿಕೊಂಡಿದ್ದ ಬಂಗಲೆ ಬಹುಕಾಲ ಹಾಳುಬಿದ್ದಿದ್ದು, ಈಚಿನ ವರ್ಷಗಳಲ್ಲಿ ದುರಸ್ತಿಯಾಗಿದೆ. ಅಲ್ಲಿಂದ ಹಿಮದ ಶಿಖರಗಳು ಕಾಣುತ್ತವೆ, ಎವರೆಸ್ಟ್ ಮಾತ್ರ ಕಾಣುವುದಿಲ್ಲ.

ಅವರು ಹೋದ ಮೇಲೆ ಶಿಷ್ಯ ಆಂಡ್ರೂ ವಾ ಸರ್ವೇಯರ್ ಜನರಲ್ ಆದರು. ಎವರೆಸ್ಟರ ಮಾಲೆಯನ್ನು ಆಧಾರವಾಗಿ ಹಿಡಿದು ಹಿಮಾಲಯದ ತಪ್ಪಲಿನುದ್ದಕ್ಕೂ ತ್ರಿಭುಜಗಳು ಪೂರ್ವಕ್ಕೆ ಸಾಗಿದವು. ನೇಪಾಳದೊಳಗೆ ಮೋಜಣಿಯವರಿಗೆ ಪ್ರವೇಶವಿರಲಿಲ್ಲ. ಹೀಗಾಗಿ 1849ರಲ್ಲಿ ಜೇಮ್ಸ್ ನಿಕೊಲ್ಸನ್ ಬಿಹಾರದ ಬಯಲಿನಿಂದಲೇ, ನೂರು ಮೈಲಿಗೂ ಹೆಚ್ಚು ದೂರದಿಂದ, ಒಂದು ಶಿಖರದ ಕೋನಗಳನ್ನು ಅಳೆದರು. ನಾವು ಹಿರಣ್ಯಕೇಶಿಯ ದಡದಲ್ಲಿ ಮಾಡಿದ ಲೆಕ್ಕವೇ ಅದು. ಕಚೇರಿಯ ಕಾಗದಗಳಲ್ಲಿ ಆ ಶಿಖರದ ಹೆಸರು ಕೇವಲ 15ನೆಯ ಶಿಖರ. ರಾಧಾನಾಥರು ಆಗ ಕಲಕತ್ತೆಯ ಕಚೇರಿಯ ಮುಖ್ಯ ಗಣಕರು. 1852ರಲ್ಲಿ ಅದು ಜಗತ್ತಿನ ಅತ್ಯುನ್ನತ ಶಿಖರವೆಂದು ಅವರೇ ಮೊದಲು ಲೆಕ್ಕದಿಂದ ಕಂಡರೆಂಬುದು ಪ್ರಸಿದ್ಧ ಕಥೆ. ಅನೇಕರ ಶ್ರಮದ ಫಲವದು ಎಂದು ಹೇಳುವ ಇತಿಹಾಸಕಾರರೂ ಇದ್ದಾರೆ. ವಾ 1856ರಲ್ಲಿ ಅದರ ಎತ್ತರ 29,002 ಅಡಿಯೆಂದು ಪ್ರಕಟಿಸಿದರು. 2020ರಲ್ಲಿ ನೇಪಾಳ ಮತ್ತು ಚೀನ ಕೂಡಿ ಘೋಷಿಸಿದ ಎತ್ತರ 8,848.86 ಮೀಟರು. ಎರಡಕ್ಕೂ ಇರುವ ಅಂತರ ಸುಮಾರು 30 ಅಡಿ ಮಾತ್ರ.

ಪರ್ವತಗಳಿಗೆ ಸ್ಥಳೀಯರು ಕರೆಯುವ ಹೆಸರನ್ನೇ ಇಡಬೇಕೆಂಬುದು ಎವರೆಸ್ಟರು ಹಾಕಿಕೊಟ್ಟ ನಿಯಮ. ಈ ಶಿಖರಕ್ಕೆ ಸ್ಥಳೀಯ ಹೆಸರು ಸಿಗುತ್ತಿಲ್ಲವೆಂದು ಹೇಳಿ ವಾ ತಮ್ಮ ಗುರುವಿನ ಹೆಸರನ್ನಿಟ್ಟರು. ಟಿಬೆಟಿನವರು ಬಹು ಹಿಂದಿನಿಂದ ಅದನ್ನು ಚೊಮೊಲುಂಗ್ಮಾ ಎನ್ನುತ್ತಿದ್ದರು. ನೇಪಾಳದವರು ಇಂದು ಸಗರಮಾಥಾ ಎನ್ನುತ್ತಾರೆ. ನಮ್ಮ ಹಿರಿಯರು ಓದಿದ ಪುಸ್ತಕಗಳಲ್ಲಿ ಅದನ್ನು ಗೌರೀಶಂಕರವೆಂದು ಕರೆದದ್ದು ಬೇರೊಂದು ಶಿಖರದೊಡನೆ ಆದ ಗೊಂದಲ. ಸ್ವತಃ ಎವರೆಸ್ಟರೇ 1857ರಲ್ಲಿ ತಮ್ಮ ಹೆಸರು ಬೇಡವೆಂದರು. ಭಾರತದ ಜನರಿಗೆ ಅದನ್ನು ಉಚ್ಚರಿಸಲಾಗದು, ಪಾರಸಿ ಹಿಂದಿಗಳಲ್ಲಿ ಅದನ್ನು ಬರೆಯಲಾಗದು ಎಂಬುದು ಅವರ ಆಕ್ಷೇಪಣೆ. ಯಾರೂ ಕೇಳಲಿಲ್ಲ. 1865ರಲ್ಲಿ ಲಂಡನ್ನಿನ ಭೌಗೋಲಿಕ ಸಂಘವು ಆ ಹೆಸರನ್ನೇ ಸ್ಥಿರಪಡಿಸಿತು. ಇಚಲಕರಂಜಿ ಎಂದೊಡನೆ ಈಚಲಮರ ಮನಸ್ಸಿಗೆ ಬರುವ, ಶಿಲಾಹಾರರ ಕನ್ನಡ ಶಾಸನಗಳನ್ನು ಕೊಲ್ಲಾಪುರದ ಕಲ್ಲುಗಳಲ್ಲಿ ಕಂಡಿರುವ ನಮಗೆ, ಒಂದು ಸ್ಥಳದ ಹೆಸರು ಎಂಥ ಆಸ್ತಿಯೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ರಾಧಾನಾಥರದಂತೂ ಇನ್ನೊಂದು ವ್ಯಥೆ. 1851ರ ಮೋಜಣಿಯ ಕೈಪಿಡಿಯಲ್ಲಿ ಅವರು ಬರೆದ ಭಾಗಗಳು 1875ರ ಆವೃತ್ತಿಯಲ್ಲಿ ಹಾಗೆಯೇ ಉಳಿದವು, ಅವರ ಹೆಸರು ಮಾತ್ರ ಉಳಿಯಲಿಲ್ಲ. ಆಗ ಅವರು ತೀರಿಕೊಂಡು ಐದು ವರ್ಷಗಳಾಗಿದ್ದವು. 2004ರಲ್ಲಿ ನಮ್ಮ ಅಂಚೆ ಇಲಾಖೆಯು ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು.

ಅಳೆದ ಮೇಲೆ ಏರುವ ಹಂಬಲ ಹುಟ್ಟಿತು. 1921ರಿಂದ ಆಂಗ್ಲ ತಂಡಗಳು ಟಿಬೆಟಿನ ಮಾರ್ಗವಾಗಿ ಯತ್ನಿಸಿದವು. 1922ರಲ್ಲಿ ಹಿಮಪಾತದಲ್ಲಿ ಸಿಕ್ಕು ಏಳು ಜನ ಹಮಾಲರು ಮಡಿದರು. 1924ರ ಜೂನಿನಲ್ಲಿ ಮ್ಯಾಲೊರಿ ಮತ್ತು ಅರ್ವಿನ್ ಶಿಖರದ ಸಮೀಪ ಕಣ್ಮರೆಯಾದರು. ಮ್ಯಾಲೊರಿಯ ದೇಹ ಸಿಕ್ಕಿದ್ದು 75 ವರ್ಷಗಳ ನಂತರ, 1999ರಲ್ಲಿ. 1953ರ ವಿಜಯದ ಬಳಿಕ 1965ರಲ್ಲಿ ಕ್ಯಾಪ್ಟನ್ ಕೊಹ್ಲಿಯವರ ನೇತೃತ್ವದಲ್ಲಿ ಒಂಬತ್ತು ಜನ ಭಾರತೀಯರು, 1984ರಲ್ಲಿ ಬಚೇಂದ್ರಿ ಪಾಲ್ ಅಲ್ಲಿಗೆ ತಲುಪಿದರು. ಇಂದು ಲುಕ್ಲಾದವರೆಗೆ ವಿಮಾನದಲ್ಲಿ ಹೋಗಿ, ನಾಮಚೆ ಬಜಾರ, ತೆಂಗಬೋಚೆಯ ಬೌದ್ಧವಿಹಾರಗಳನ್ನು ದಾಟಿ, ಖುಂಬು ಹಿಮನದಿಯ ಬದಿಯ ಮೂಲಶಿಬಿರಕ್ಕೆ ನಡೆದುಹೋಗುವ ಸಾಮಾನ್ಯ ಯಾತ್ರಿಕರು ಅಸಂಖ್ಯ. ಮೂಲಶಿಬಿರವೇ 5,300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಭಾರ ಹೊರುವವರು ಇಂದಿಗೂ ಆ ನೆಲದ ಜನರೇ.

ಎವರೆಸ್ಟರು 56ರ ವಯಸ್ಸಿನಲ್ಲಿ ವಿವಾಹವಾದರು. ಆರು ಜನ ಮಕ್ಕಳಾದರು. ಅವರ ಸೋದರನ ಮಗಳು ಮೇರಿ, ತರ್ಕಗಣಿತದ ಜನಕ ಜಾರ್ಜ್ ಬೂಲರ ಪತ್ನಿ. ಮಕ್ಕಳಿಗೆ ಗಣಿತವನ್ನು ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ಆಕೆ ಬರೆದ ಪುಸ್ತಕಗಳು ಪ್ರಸಿದ್ಧವಾಗಿವೆ. 1861ರಲ್ಲಿ ಎವರೆಸ್ಟರಿಗೆ ಸರ್ ಪದವಿ ಬಂತು. 1 ಡಿಸೆಂಬರ 1866ರಂದು ಲಂಡನ್ನಿನಲ್ಲಿ ತೀರಿಕೊಂಡ ಅವರನ್ನು ಹೋವ್ ಎಂಬ ಕಡಲತೀರದ ಊರಿನ ಚರ್ಚಿನಲ್ಲಿ ಸಮಾಧಿ ಮಾಡಿದರು.

ಆ ದಿನ ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ನೌಕರಿಗಾಗಿ ಪುಣೆಗೋ ಬೆಳಗಾವಿಗೋ ಹೋಗಿರಬೇಕು. ಅವನೂ ಈ ಸಮಾರಂಭಕ್ಕೆ ಬಂದು ಈ ಪುಟವನ್ನು ತೆರೆದರೆ, ಆ ತಾಸಿನಲ್ಲಿ ನಾನು ಕೊಡದೆ ಹೋದ ಉತ್ತರ ಇಲ್ಲಿದೆ. ಎವರೆಸ್ಟರು ಆ ಪರ್ವತವನ್ನು ಏರಲಿಲ್ಲ, ಕಂಡುಹಿಡಿಯಲಿಲ್ಲ, ಅದಕ್ಕೆ ತಮ್ಮ ಹೆಸರನ್ನು ಬೇಡಲೂ ಇಲ್ಲ. ಅದನ್ನು ಅಳೆಯಲು ಬೇಕಾದ ಗೆರೆಯನ್ನು ಬೀದರಿನಾಚೆಯ ಬಯಲುಗಳಿಂದ ಹಿಮಾಲಯದ ಬುಡದವರೆಗೆ ಎಳೆದುಕೊಟ್ಟರು.